ಮರದ ಅಣಬೆಯೆಲ್ಲ ವೈರಿಯಲ್ಲ

ಅಡಿಕೆ, ತೆಂಗಿನ ಬುಡದಲ್ಲಿ ಅಣಬೆ ಮೂಡಿದರೆ ಕೃಷಿಕರಿಗೆ ದಿಗಿಲಾಗುವುದು ಸಹಜ. ಅಣಬೆ ರೋಗ ಮರವನ್ನೇ ಕೊಲ್ಲುತ್ತದೆ. ಆದರೆ ಮರದ ಮೇಲೆ ಬೆಳೆಯುವ ಅಣಬೆಗಳಲ್ಲಿ ರಕ್ಷಣೆ ಬೇಕಾದವೂ ಇವೆ.

ಅಂಥದೊಂದು ಅಗಾರಿಕಾನ್. ಆಲ್ಪ್ಸ್ ಪರ್ವತ, ಸೈಬೀರಿಯ ಮತ್ತು ಉತ್ತರ ಅಮೆರಿಕದ ಪಶ್ಚಿಮ ಭಾಗದ ಚಳಿಕಾಡುಗಳಲ್ಲಿ ಲಾರ್ಚ್ ಮುಂತಾದ ಸೂಜಿಎಲೆ ಮರಗಳ ಮೇಲೆ ಇದು ಬೆಳೆಯುತ್ತದೆ. ಪದರದ ಮೇಲೆ ಪದರ ಕೂಡಿ, ದಶಕಗಳ ಕಾಲ ಬೆಳೆದು ಗೂಡಿನಂತೆ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ರುಚಿ ಬಲು ಕಹಿ. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಇದರ ಔಷಧ ಗುಣವನ್ನು ಬರೆದಿಟ್ಟಿದ್ದಾನೆ. ಹಿಂದೆ ಕ್ಷಯರೋಗಿಗಳ ರಾತ್ರಿ ಬೆವರಿಗೂ ಇದನ್ನು ಕೊಡುತ್ತಿದ್ದರು.

ಈ ಅಣಬೆಗೆ ಬಹುಮಟ್ಟಿಗೆ ವಯಸ್ಸಾದ ಮರವೇ ಆಗಬೇಕು. ಹಳೆಯ ಕಾಡುಗಳನ್ನು ಕಡಿದದ್ದರಿಂದಲೂ ಔಷಧಕ್ಕೆಂದು ಕಿತ್ತದ್ದರಿಂದಲೂ ಇದು ವಿರಳವಾಯಿತು. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಯೆಂದು ಸೇರಿತು. ಹೊಸ ಸಸಿ ನೆಟ್ಟರೆ ಈ ನಷ್ಟ ಬೇಗ ತುಂಬದು; ಸಸಿ ಮುದಿಮರವಾಗಲು ತಲೆಮಾರುಗಳೇ ಬೇಕು.

ನಮ್ಮ ರೈತರು ಇದರಿಂದ ತಿಳಿಯಬೇಕಾದುದು ಇಷ್ಟೆ. ತೋಟದಲ್ಲಿ ಅಣಬೆ ರೋಗ ಕಂಡರೆ ಆ ಮರದ ಸುತ್ತ ಕಂದಕ ತೋಡಿ, ಬೇರಿನ ಮೂಲಕ ಹರಡದಂತೆ ತಡೆಯಿರಿ. ದೇವರಕಾಡಿನ ಮುದಿಮರದಲ್ಲಿ ಅಣಬೆ ಕಂಡರೆ ಕೊಡಲಿ ಎತ್ತಬೇಡಿ. ಸತ್ತ ಕಟ್ಟಿಗೆಯನ್ನು ಕೊಳೆಸಿ ಮಣ್ಣಿಗೆ ಸೇರಿಸುವ ಕೆಲಸ ಅಣಬೆಗಳದೇ.