ಹಳೆಯ ಕಾರಿನ ಜೀರ್ಣೋದ್ಧಾರ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಜೀರ್ಣೋದ್ಧಾರವೆಂಬ ಪದವನ್ನು ಕೇಳಿದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಊರಿನ ದೇವಸ್ಥಾನ. ಶಿಥಿಲವಾದುದನ್ನು ಕೆಡವಿ ಹೊಸದನ್ನು ಕಟ್ಟುವುದು ಜೀರ್ಣೋದ್ಧಾರವಲ್ಲ; ಇದ್ದುದನ್ನು ಅರಿತು, ಉಳಿಯಬಲ್ಲದ್ದನ್ನು ಉಳಿಸಿ, ಕೆಟ್ಟದ್ದನ್ನಷ್ಟೇ ಬದಲಿಸುವುದು ಜೀರ್ಣೋದ್ಧಾರ. ಈ ಪದವನ್ನು ಒಂದು ಕಾರಿಗೆ ಬಳಸಿದರೆ ಕೆಲವರಿಗೆ ನಗು ಬರಬಹುದು. ಆದರೆ ಸ್ಯಾನ್ ರಮೋನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ 1965ರ ಮಾದರಿಯ ಫೋರ್ಡ್ ಮಸ್ಟಾಂಗ್ ಒಂದನ್ನು ಮನೆಮಂದಿಯೆಲ್ಲ ಸೇರಿ ಎರಡೂವರೆ ವರ್ಷಗಳ ಕಾಲ ಬಿಚ್ಚಿ, ತೊಳೆದು, ಜೋಡಿಸಿದ ಮೇಲೆ ಬೇರೆ ಪದ ನಮಗೆ ಹೊಳೆಯುತ್ತಿಲ್ಲ. ಆ ಅನುಭವದ ಆಧಾರದ ಮೇಲೆ ಈ ಕೆಲಸವೆಂದರೇನು, ಅದನ್ನು ಕುಟುಂಬವೊಂದು ಹೇಗೆ ಮಾಡಬಹುದು, ಏಕೆ ಮಾಡಬೇಕು ಎಂಬುದನ್ನು ವಿವರಿಸುವುದು ಇಂದಿನ ಉದ್ದೇಶ.

ಮಸಲ್ ಕಾರ್ ಎಂದರೇನು?

ಮಧ್ಯಮ ಗಾತ್ರದ ಸಾಧಾರಣ ಕಾರಿನೊಳಗೆ ದೊಡ್ಡ ಕಾರಿಗೆ ಸಲ್ಲುವ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂರಿಸಿದರೆ ಅದು ಮಸಲ್ ಕಾರ್. 1964ರ ಪಾಂಟಿಯಾಕ್ ಜಿಟಿಒ ಈ ಬಗೆಗೆ ಮೇಲ್ಪಂಕ್ತಿ ಹಾಕಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷದ ಏಪ್ರಿಲ್ 17ರಂದು ಮಸ್ಟಾಂಗ್ ಮಾರುಕಟ್ಟೆಗೆ ಬಂದಿತು. ಅದರ ಆರಂಭದ ಬೆಲೆ 2,368 ಡಾಲರ್. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಗಾತ್ರದಲ್ಲಿ ಚಿಕ್ಕದಾದ ಮಸ್ಟಾಂಗನ್ನು ಶಾಸ್ತ್ರಬದ್ಧರು 'ಪೋನಿ ಕಾರ್' ಎಂದು ಪ್ರತ್ಯೇಕಿಸುವರಾದರೂ, ಜನರ ಬಾಯಲ್ಲಿ ಎರಡೂ ಒಂದೇ ಮನೆತನದವು. ನಮ್ಮ ಕಾರಿನಲ್ಲಿರುವುದು 289 ಘನ ಅಂಗುಲದ, ಅಂದರೆ ಸುಮಾರು 4.7 ಲೀಟರಿನ, 200 ಅಶ್ವಶಕ್ತಿಯ ಎಂಜಿನ್. ನಾವು ಕುಳಿತು ಬೆಳೆದ ಅಂಬಾಸಡರ್ ಕಾರಿನ ಎಂಜಿನ್ 1,489 ಸಿ.ಸಿ.ಯದು, ಅದಕ್ಕಿಂತ ಇದು ಮೂರು ಪಟ್ಟಿಗೂ ಹೆಚ್ಚು. 1970ರ ದಶಕದಲ್ಲಿ ವಾಯುಮಾಲಿನ್ಯದ ಕಾಯಿದೆ, ಏರಿದ ವಿಮಾ ದರ ಮತ್ತು 1973ರ ತೈಲ ಬಿಕ್ಕಟ್ಟು ಮೂರೂ ಸೇರಿ ಈ ಯುಗವನ್ನು ಮುಗಿಸಿದವು.

ನಮ್ಮ ಕಣಿವೆಯ ಕೂಸು

ಕಾರನ್ನು ಕೊಂಡು ತಂದ ವಾರ ನಮ್ಮ ಮಗಳು ಬಾನೆಟ್ ಎತ್ತಿ, ಚಾಲಕನ ಕಡೆಯ ಒಳತಗಡಿನ ಮೇಲೆ ಒತ್ತಿದ್ದ ಸಂಖ್ಯೆಯನ್ನು ಟಾರ್ಚಿನ ಬೆಳಕಿನಲ್ಲಿ ಓದಿದಳು. ಮೊದಲ ಅಂಕೆ 5, ಅಂದರೆ 1965ರ ಮಾದರಿ. ಮುಂದಿನ ಅಕ್ಷರ 'ಆರ್', ಅಂದರೆ ಸ್ಯಾನ್ ಹೊಸೆ ಕಾರ್ಖಾನೆ. ಆ ಬಳಿಕದ 07 ಎಂದರೆ ಗಟ್ಟಿ ಛಾವಣಿಯ ಮೈಕಟ್ಟು. 'ಸಿ' ಎಂದರೆ 289ರ ಎಂಜಿನ್. ಬಾಗಿಲಿನ ಅಂಚಿನ ಫಲಕದಲ್ಲಿ ಬಣ್ಣ, ಗೇರ್ ಪೆಟ್ಟಿಗೆ, ತಯಾರಿಕೆಗೆ ಗೊತ್ತುಪಡಿಸಿದ ತಾರೀಖು ಮುಂತಾದುವೂ ಸಂಕೇತರೂಪದಲ್ಲಿರುತ್ತವೆ. ಹಳೆಯ ಕಾರು ಕೊಳ್ಳುವವರು ಮೊದಲು ಓದಬೇಕಾದ ಜಾತಕ ಇದು.

ಫೋರ್ಡ್ ಕಂಪನಿಯ ಸ್ಯಾನ್ ಹೊಸೆ ಕಾರ್ಖಾನೆ ಇದ್ದುದು ವಾಸ್ತವವಾಗಿ ಮಿಲ್ಪಿಟಾಸ್‌ನಲ್ಲಿ. 1955ರಲ್ಲಿ ಆರಂಭವಾಗಿ 1983ರಲ್ಲಿ ಅದು ಮುಚ್ಚಿತು. ನಾವೆಲ್ಲರೂ ಭಾರತದಿಂದ ಬಂದ ಅತಿಥಿಗಳನ್ನು ಕರೆದೊಯ್ಯುವ ಗ್ರೇಟ್ ಮಾಲ್ 1994ರಲ್ಲಿ ತೆರೆದದ್ದು ಅದೇ ಕಟ್ಟಡದಲ್ಲಿ. ಈ ಕಾರ್ಖಾನೆ ರಿಚ್ಮಂಡ್‌ನಿಂದ ಮಿಲ್ಪಿಟಾಸ್‌ಗೆ ಬಂದಾಗ ಕೆಲಸಗಾರರೂ ಅದರ ಹಿಂದೆ ಬರಬೇಕಾಯಿತು. ಅವರಲ್ಲಿ ಕಪ್ಪು ಜನಾಂಗದವರಿಗೆ ಮನೆ ಸಿಗುವುದೇ ದುಸ್ತರವಾಗಿತ್ತು. ಕಾರ್ಮಿಕ ಸಂಘ ಹೋರಾಡಿ, ಎಲ್ಲ ಜನಾಂಗದವರೂ ಒಟ್ಟಿಗೆ ವಾಸಿಸುವ ಸನ್ನಿಹಿಲ್ಸ್ ಬಡಾವಣೆಯನ್ನು ಸಾಧ್ಯವಾಗಿಸಿತು. ಆ ಸಂಘದ ಮುಖಂಡರಲ್ಲೊಬ್ಬರಾದ ಬೆನ್ ಗ್ರಾಸ್ 1966ರಲ್ಲಿ ಮಿಲ್ಪಿಟಾಸ್‌ನ ಮೇಯರ್ ಆದರು. ನಮ್ಮ ಸ್ಯಾನ್ ರಮೋನ್ ನಗರವಾಗಿ ರೂಪುಗೊಂಡದ್ದು ಕಾರ್ಖಾನೆ ಮುಚ್ಚಿದ ಅದೇ 1983ರಲ್ಲಿ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಹೇಳಲು ನಾವು ಮರೆಯಲಿಲ್ಲ. 1946ರ ಕಾನೂನಿನಂತೆ ಭಾರತೀಯರಿಗೆ ಈ ದೇಶಕ್ಕೆ ವಲಸೆ ಬರಲು ವರ್ಷಕ್ಕೆ 100 ಮಂದಿಯ ಮಿತಿಯಿತ್ತು. ಆ ಬಾಗಿಲನ್ನು ಅಗಲವಾಗಿ ತೆರೆದ ಕಾಯಿದೆಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ರಂದು. ಕಾರೂ ನಾವೂ ಈ ಕಣಿವೆಯಲ್ಲಿ ಒಂದೇ ವರ್ಷದ ಫಲ ಎನ್ನಬಹುದು.

ಕೆಲಸದ ಕ್ರಮ

ಮೊದಲ ನಿಯಮ: ಬಿಚ್ಚುವ ಮುನ್ನ ಬರೆದಿಡಿ. ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ನಟ್ಟು ಬೋಲ್ಟುಗಳನ್ನು ಚಿಕ್ಕ ಚೀಲಗಳಲ್ಲಿ ಹಾಕಿ, ಎಲ್ಲಿಂದ ಬಂದದ್ದೆಂದು ಚೀಟಿ ಅಂಟಿಸಬೇಕು. ನಮ್ಮ ಮನೆಯಲ್ಲಿ ಈ ಹೊಣೆ ಹತ್ತು ವರ್ಷದ ಮಗನದು. ಅವನು ಕನ್ನಡದಲ್ಲಿ ಮನಸಾರೆ ಬರೆದ ಮೊದಲ ಪದಗಳು 'ಎಡ ಬಾಗಿಲು', 'ಬಲ ದೀಪ' ಎಂಬವು.

ಎರಡನೆಯದು ತುಕ್ಕಿನ ಪರೀಕ್ಷೆ. ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಷಾಸಿ ಇಲ್ಲ, ಮೈಯೇ ಎಲುಬುಗೂಡು. ಆದುದರಿಂದ ನೆಲದ ತಗಡು ತಿಂದುಹೋಗಿದ್ದರೆ ಕಾರಿನ ಬಲವೇ ಹೋದಂತೆ. ಮುಂಗಾಜಿನ ಬುಡದಲ್ಲಿ ಗಾಳಿ ಬರಲೆಂದು ಜಾಲರಿಯಿದೆ. ಅದರ ಕೆಳಗಿನ ತೊಟ್ಟಿಯಲ್ಲಿ ಎಲೆ ಕೊಳೆತು, ನೀರು ನಿಂತು, ತೂತಾಗಿ, ಮಳೆಗಾಲದಲ್ಲಿ ಚಾಲಕನ ಪಾದದ ಮೇಲೆ ಸೋರುವುದು ಆ ಕಾಲದ ಮಸ್ಟಾಂಗ್‌ಗಳ ಪ್ರಸಿದ್ಧ ರೋಗ. ಕೊಳ್ಳುವ ಮುನ್ನ ಒಂದು ಚೊಂಬು ನೀರು ಸುರಿದು ನೋಡುವುದು ಸಾಕು. ಹೊಳೆಯುವ ಬಣ್ಣಕ್ಕೆ ಮರುಳಾಗಿ ನಾವು ಅದನ್ನು ಮಾಡಲಿಲ್ಲ. ಫಲವಾಗಿ ಆರು ತಿಂಗಳು ವೆಲ್ಡಿಂಗ್ ಕೆಲಸದಲ್ಲಿ ಕಳೆದವು.

ಮೂರನೆಯದು ಎಂಜಿನ್. ಸಿಲಿಂಡರ್ ಕೊರೆಯುವುದು ಮುಂತಾದ ಸೂಕ್ಷ್ಮ ಕೆಲಸವನ್ನು ಯಂತ್ರಗಳಿರುವ ಅಂಗಡಿಗೆ ಬಿಡಬೇಕು. ರಸ್ತೆಯ ವಾಹನಗಳಿಗೆ ಸೀಸ ಬೆರೆತ ಪೆಟ್ರೋಲು 1996ರಿಂದ ಈ ದೇಶದಲ್ಲಿ ನಿಷಿದ್ಧ. ವಾಲ್ವುಗಳು ಕೂರುವ ಜಾಗಕ್ಕೆ ಆ ಸೀಸವೇ ರಕ್ಷೆಯಾಗಿತ್ತು. ಆದುದರಿಂದ ಅಲ್ಲಿ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸುವುದು ಒಳ್ಳೆಯದು. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಪೆಟ್ರೋಲಿನ ಕೊಳವೆಗಳನ್ನೂ ಬದಲಿಸಬೇಕು.

ತಾತನವರ ಪಾಠ

ಎರಡನೆಯ ವರ್ಷದ ಚಳಿಗಾಲದಲ್ಲಿ ಮಕ್ಕಳ ತಾತನವರು ಸಕಲೇಶಪುರದಿಂದ ಆರು ತಿಂಗಳಿಗೆಂದು ಬಂದರು. ಅವರ ಸ್ಥಿತಿ ಇಲ್ಲಿ ಹಲವರಿಗೆ ಪರಿಚಿತ. ಕಾರು ನಡೆಸುವಂತಿಲ್ಲ, ಬೀದಿಯಲ್ಲಿ ಮಾತಿಗೆ ಜನವಿಲ್ಲ, ಮೊಮ್ಮಕ್ಕಳ ಇಂಗ್ಲಿಷು ಕಿವಿಗೆ ನಿಲುಕದು. ಮೂರನೆಯ ವಾರಕ್ಕೇ ಹಿಂದಿರುಗುವ ಟಿಕೆಟಿನ ದಿನಾಂಕವನ್ನು ಕೇಳತೊಡಗಿದ್ದರು.

ಆಗ ಎಂಜಿನ್ನಿಗೆ ಜೀವ ಕೊಡಲು ನಾವು ಪರದಾಡುತ್ತಿದ್ದೆವು. ಕೆಮ್ಮುತ್ತಿತ್ತು, ಕಾರ್ಬುರೇಟರಿನಿಂದ ಬೆಂಕಿ ಉಗುಳುತ್ತಿತ್ತು, ಚಾಲೂ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಕಂಪ್ಯೂಟರುಗಳ ನಡುವೆ ದುಡಿದ ನಾವು ಕೈಪಿಡಿಯನ್ನು ಮೂರು ಬಾರಿ ಓದಿದ್ದೆವು. ತೋಟದ ಪೆಟ್ರೋಲ್ ಜೀಪನ್ನು ದಶಕಗಳ ಕಾಲ ತಾವೇ ರಿಪೇರಿ ಮಾಡಿಕೊಂಡಿದ್ದ ತಾತನವರು ಶಾಲು ಹೊದ್ದು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಪುಟ್ಟಿ, ಆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗಿ. ನಿಮ್ಮಪ್ಪ ಎಂಜಿನ್ ತಿರುಗಿಸ್ಲಿ. ಒಳಗಿನ ಕೈ ಯಾವ ಕಡೆ ಸುತ್ತುತ್ತೆ ಹೇಳು" ಎಂದರು.

"ಗಡಿಯಾರದ ಉಲ್ಟಾ, ತಾತ."

"ವೈರು ಜೋಡಿಸಿರೋದು?"

ಅವಳು ನಮ್ಮ ಮುಖ ನೋಡಿದಳು. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ 1-5-4-2-6-3-7-8. ಸರದಿಯನ್ನು ಸರಿಯಾಗಿಯೇ ಹಾಕಿದ್ದೆವು. ದಿಕ್ಕು ಮಾತ್ರ ತಿರುವುಮುರುವು.

ಮರುದಿನ ಅವರು ಅವಳಿಗೆ 'ಪಾಯಿಂಟ್' ಹೊಂದಿಸುವುದನ್ನು ಕಲಿಸಿದರು. ಡಿಸ್ಟ್ರಿಬ್ಯೂಟರಿನೊಳಗೆ ಎರಡು ಪುಟ್ಟ ಲೋಹದ ತುದಿಗಳು ಕೂಡಿ ಅಗಲುತ್ತಿರುತ್ತವೆ. ಕೂಡಿದಾಗ ಕಾಯಿಲ್‌ನಲ್ಲಿ ವಿದ್ಯುತ್ತು ಹರಿಯುತ್ತದೆ. ಅಗಲಿದ ಕ್ಷಣ ಅದು ಕಡಿದು, ಸಾವಿರಾರು ವೋಲ್ಟಿನ ಹೊಡೆತವಾಗಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 200 ಬಾರಿ ನಡೆಯಬೇಕು. ತುದಿಗಳ ನಡುವಿನ ಅಂತರ ಅಂಗುಲದ ಸಾವಿರದಲ್ಲಿ 17 ಭಾಗ. ಫೀಲರ್ ಗೇಜಿನ ಎಲೆ "ಬೆಣ್ಣೆ ಒಳಗೆ ಚಾಕು ಎಳೆದ ಹಾಗೆ" ಬರಬೇಕೆಂದರು ತಾತ. ಆ ಹದವನ್ನು ಯಾವ ಕೈಪಿಡಿಯೂ ನಮಗೆ ತಿಳಿಸಿರಲಿಲ್ಲ.

ನಮಗೆ ಇಲ್ಲಿ ಒಂದು ಸತ್ಯ ಗೋಚರಿಸಿತು. ಇಂದಿನ ಕಾರಿನಲ್ಲಿ ಈ ಕೆಲಸವೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುತ್ತದೆ. ಅಲ್ಲಿ ತಾತನಿಗೂ ಮೊಮ್ಮಗಳಿಗೂ ಒಟ್ಟಿಗೆ ನೋಡಲು ಏನೂ ಇಲ್ಲ. ಹಳೆಯ ಯಂತ್ರದಲ್ಲಿ ಕಾರಣವೂ ಕಾರ್ಯವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಓದಿದವರು ಕೈ ಕೊಳೆ ಮಾಡಿಕೊಳ್ಳಬಾರದೆಂಬ ನಂಬಿಕೆಯಲ್ಲಿ ಬೆಳೆದ ನಮ್ಮ ತಲೆಮಾರು ನಡುವಿನ ಕೊಂಡಿಯನ್ನು ಕಳಚಿಬಿಟ್ಟಿತ್ತು. ತಾತನವರು ಆಮೇಲೆ ಟಿಕೆಟಿನ ವಿಚಾರ ಎತ್ತಲಿಲ್ಲ.

ಎಚ್ಚರಿಕೆಯ ಮಾತುಗಳು

ಈ ಮಾದರಿಯ ಬ್ರೇಕಿಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಎರಡು ಕೋಣೆಗಳ ವ್ಯವಸ್ಥೆ ಬಂದದ್ದು 1967ರ ಮಾದರಿಯಲ್ಲಿ. ನಮ್ಮ ಕಾರು ಒಂದು ಸಂಜೆ ಮನೆಯ ಮುಂದಿನ ಇಳಿಜಾರಿನಲ್ಲಿ ಪೆಡಲು ತಳಕ್ಕಿಳಿದು ಹಿಂದಕ್ಕೆ ಜಾರಿತು. ಕೈಬ್ರೇಕು ಹಿಡಿದುದರಿಂದ ಅನಾಹುತವಾಗಲಿಲ್ಲ. ಆದುದರಿಂದ ಅಸಲು ಭಾಗಗಳ ಮೋಹ ಬ್ರೇಕಿಗೂ ಸೀಟ್ ಬೆಲ್ಟಿಗೂ ಸಲ್ಲದು. ಎರಡು ಕೋಣೆಯ ಸಿಲಿಂಡರನ್ನೂ ಹೆಗಲಿನ ಪಟ್ಟಿಯಿರುವ ಬೆಲ್ಟನ್ನೂ ಹಾಕಿಸಿದ ನಂತರವೇ ಮಕ್ಕಳನ್ನು ಕೂರಿಸಿ.

ಹಳೆಯ ಬ್ರೇಕಿನ ಧೂಳಿನಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿಸಿ ಉಜ್ಜಬೇಡಿ, ಗಾಳಿ ಊದಬೇಡಿ. ಈ ಹೊತ್ತಿನಲ್ಲಿ ಮಕ್ಕಳು ಗ್ಯಾರೇಜಿನಲ್ಲಿರಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿಯುತ್ತದೆ. ನಮ್ಮ ಅನೇಕ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರು ಗ್ಯಾರೇಜಿನಲ್ಲಿಯೇ ಇರುವುದನ್ನು ನೆನಪಿಡಿ. ಬಾಗಿಲು ಮುಚ್ಚಿ ಎಂಜಿನ್ ಓಡಿಸಬೇಡಿ. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕಡ್ಡಾಯ. ಬಣ್ಣದ ಕೆಲಸವನ್ನು ಪರವಾನಗಿಯುಳ್ಳವರಿಗೆ ವಹಿಸಿ.

ಕಾನೂನಿನ ವಿಷಯದಲ್ಲಿ ಒಂದು ಅನುಕೂಲವಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಕಾರುಗಳಿಗೆ ಹೊಗೆ ಪರೀಕ್ಷೆಯಿಲ್ಲ. ಕಾರು ಓಡದೆ ನಿಂತಿರುವ ಕಾಲಕ್ಕೆ ವಾಹನ ಇಲಾಖೆಗೆ ಮೊದಲೇ ತಿಳಿಸಿ ನೋಂದಣಿಯ ಪೂರ್ಣ ಶುಲ್ಕವನ್ನು ಉಳಿಸಬಹುದು. ಆದರೆ ಅಂಥ ಕಾರು ಬೀದಿಯಲ್ಲಿ ನಿಲ್ಲುವಂತಿಲ್ಲ.

ಕೊನೆಯ ಮಾತು

ಇದು ಹಣ ಗಳಿಸುವ ದಾರಿಯಲ್ಲ. ಖರ್ಚು ಮಾಡಿದ್ದು ಮಾರಿದರೆ ಹಿಂದಿರುಗುವುದೆಂಬ ಭರವಸೆಯನ್ನು ನಾವು ನೀಡಲಾರೆವು. ಆಸಕ್ತಿಯುಳ್ಳವರು ಮೊದಲು ಡ್ಯಾನ್‌ವಿಲ್‌ನ ಬ್ಲಾಕ್‌ಹಾಕ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳೊಂದಿಗೆ ಹೋಗಿ ಹಳೆಯ ಕಾರುಗಳನ್ನು ನೋಡಿ ಬನ್ನಿ. ಆಮೇಲೆ ನಿಮ್ಮ ಕಾರಿನ ಆಯಿಲನ್ನು ನೀವೇ ಬದಲಿಸಿ ನೋಡಿ. ಕೈಗೆ ರುಚಿ ಹತ್ತಿದರೆ ಮುಂದಿನದು.

ಪ್ರತಿ ವರ್ಷ ಆಯುಧಪೂಜೆಯ ದಿನ ನಾವೆಲ್ಲ ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಆಫೀಸಿಗೆ ಹೊರಡುತ್ತೇವೆ. ಕಳೆದ ಬಾರಿ ಮಕ್ಕಳು ತಾವಾಗಿಯೇ ಸ್ಪಾನರುಗಳನ್ನು ಒರೆಸಿ ಸಾಲಾಗಿ ಜೋಡಿಸಿದರು. ಫೀಲರ್ ಗೇಜನ್ನು ಮಗಳು ಬೇರೆಯಾಗಿ ಇಟ್ಟಳು. ಅದು ತಾತನದಂತೆ, ಮುಂದಿನ ಚಳಿಗಾಲದವರೆಗೆ ಯಾರೂ ಮುಟ್ಟುವಂತಿಲ್ಲವಂತೆ.