ಮೂರನೆಯ ದ್ರವದ ಮಧ್ಯಸ್ಥಿಕೆ

ಸುರತ್ಕಲ್ಲಿನ ಕಡಲ ತಡಿಯಲ್ಲಿ 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜೆಂದು ಸ್ಥಾಪಿತವಾಗಿ, 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ವಿದ್ಯಾಲಯಕ್ಕೂ, ಅಲ್ಲಿಗೆ ಅನತಿದೂರದಲ್ಲಿ 1996ರಲ್ಲಿ ಕಾರ್ಯಾರಂಭ ಮಾಡಿದ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರಕ್ಕೂ ನಡುವೆ ನೆರೆಹೊರೆಯ ಸಂಬಂಧಕ್ಕಿಂತ ನಿಕಟವಾದ ಸಂಬಂಧವೊಂದುಂಟು. ಪರಸ್ಪರ ಅಂಶತಃ ಮಾತ್ರ ಬೆರೆಯುವ ಎರಡು ದ್ರವಗಳ ನಡುವೆ ಮೂರನೆಯದೊಂದು ಪ್ರವೇಶಿಸಿದರೆ ಏನಾಗುವುದೆಂಬ ಪ್ರಶ್ನೆಯೇ ಆ ಸಂಬಂಧದ ಮೂಲ. ಒಂದೆಡೆ ವಿದ್ಯಾರ್ಥಿಯ ಅಭ್ಯಾಸಕ್ಕೂ ಇನ್ನೊಂದೆಡೆ ಉದ್ಯಮದ ನಿತ್ಯವ್ಯವಹಾರಕ್ಕೂ ಆಧಾರವಾಗಿರುವುದು ಆ ಒಂದೇ ಪ್ರಶ್ನೆ.

ಎಣ್ಣೆಯೂ ನೀರೂ ಬೆರೆಯವು, ಮದ್ಯಸಾರವೂ ನೀರೂ ಬೆರೆಯುವುವು ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ಎರಡು ಪರಮಾವಧಿಗಳ ನಡುವೆ ಇರುವ ದ್ರವಯುಗ್ಮಗಳು ಅಸಂಖ್ಯ. ಕ್ಲೋರೋಫಾರಂ ಮತ್ತು ನೀರನ್ನು ಒಟ್ಟಿಗೆ ಕುಲುಕಿ ಇರಿಸಿದರೆ, ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾದ ಕ್ಲೋರೋಫಾರಂ ತಳಕ್ಕಿಳಿದು ಎರಡು ಸ್ತರಗಳು ಸ್ಪಷ್ಟವಾಗಿ ಬೇರ್ಪಡುವುವು. ಆದರೂ ಅವುಗಳಲ್ಲಿ ಒಂದೂ ಶುದ್ಧವಲ್ಲ. 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೇಲಿನ ನೀರಿನಲ್ಲಿ ತೂಕದ ಲೆಕ್ಕದಂತೆ ಶೇ 0.8ರಷ್ಟು ಕ್ಲೋರೋಫಾರಂ, ಕೆಳಗಿನ ಕ್ಲೋರೋಫಾರಂನಲ್ಲಿ ಶೇ 1ರಷ್ಟು ನೀರು ಕರಗಿರುತ್ತವೆ. ಅಸಿಟಿಕ್ ಆಮ್ಲವಾದರೋ ಈ ಎರಡರೊಡನೆಯೂ ಯಾವ ಪ್ರಮಾಣದಲ್ಲಾದರೂ ಬೆರೆಯಬಲ್ಲುದು. ಆದುದರಿಂದ ಅದು ಎರಡು ಪಕ್ಷಗಳಿಗೂ ಸಮ್ಮತನಾದ ಮಧ್ಯಸ್ಥನಂತೆ ಅವುಗಳ ವಿರಸವನ್ನು ಶಮನಗೊಳಿಸುತ್ತದೆ.

ಭೌತರಸಾಯನದ ಪ್ರಯೋಗಶಾಲೆಯಲ್ಲಿ ಈ ಸಂಧಾನವನ್ನು ಕಣ್ಣಾರೆ ಕಾಣಬಹುದು. ಮುಚ್ಚಳವಿರುವ ಹಲವು ಕೋನಿಕಲ್ ಫ್ಲಾಸ್ಕುಗಳಲ್ಲಿ ಕ್ಲೋರೋಫಾರಂ ಮತ್ತು ಆಮ್ಲವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಅಳೆದಿಟ್ಟು, ಬ್ಯೂರೆಟ್ಟಿನಿಂದ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ಪ್ರತಿ ತೊಟ್ಟಿಗೂ ಕುಲುಕುತ್ತ ಹೋದರೆ, ಮೊದಮೊದಲು ಬಿದ್ದ ತೊಟ್ಟಿನ ಸುತ್ತ ಕ್ಷಣಕಾಲ ಮೂಡುವ ಮಬ್ಬು ಕುಲುಕಿದೊಡನೆ ಮಾಯವಾಗುತ್ತದೆ. ಕೊನೆಗೆ ಒಂದು ತೊಟ್ಟು ಬಿದ್ದಾಗ, ಎಷ್ಟು ಕುಲುಕಿದರೂ ತಿಳಿಯಾಗದಂತೆ ದ್ರವವಿಡೀ ಮಸುಕಾಗುತ್ತದೆ. ಏಕರೂಪವಾಗಿದ್ದ ಮಿಶ್ರಣವು ಎರಡು ಪ್ರಾವಸ್ಥೆಗಳಾಗಿ ಒಡೆಯಲಾರಂಭಿಸಿದ ಆ ಗಳಿಗೆಯಲ್ಲಿ ಬ್ಯೂರೆಟ್ಟಿನ ಅಂಕವನ್ನು ಗುರುತಿಸಿಕೊಂಡರೆ, ಸೀಮಾರೇಖೆಯ ಮೇಲಣ ಒಂದು ಬಿಂದು ದೊರೆತಂತೆ.

ಇಂತಹ ಬಿಂದುಗಳನ್ನು ಗುರುತಿಸುವುದು ಸಮಬಾಹು ತ್ರಿಭುಜವೊಂದರಲ್ಲಿ. ಅದರ ಮೂರು ಶೃಂಗಗಳು ಮೂರು ಶುದ್ಧ ದ್ರವಗಳನ್ನೂ, ಮೂರು ಬಾಹುಗಳು ಎರಡೆರಡರ ಮಿಶ್ರಣಗಳನ್ನೂ, ಒಳಗಿನ ಪ್ರತಿಯೊಂದು ಬಿಂದುವೂ ಮೂರರ ಒಂದೊಂದು ನಿಶ್ಚಿತ ಮಿಶ್ರಣವನ್ನೂ ಸೂಚಿಸುತ್ತವೆ. ಬಿಂದುಗಳನ್ನು ಜೋಡಿಸಿದರೆ ಕ್ಲೋರೋಫಾರಂ–ನೀರಿನ ಬಾಹುವಿನ ಮೇಲೆ ಗುಮ್ಮಟದಂತಹ ವಕ್ರರೇಖೆ ಏಳುತ್ತದೆ: ಅದರ ಹೊರಗೆ ಐಕ್ಯ, ಒಳಗೆ ಭೇದ. 1875ರಿಂದ 1878ರವರೆಗೆ ಅಮೆರಿಕದ ವಿಲರ್ಡ್ ಗಿಬ್ಸ್ ಪ್ರಕಟಿಸಿದ ಪ್ರಬಂಧದಿಂದ ಹೊರಟ ಪ್ರಾವಸ್ಥಾ ನಿಯಮವು ಈ ಚಿತ್ರದ ಅಂತರಾರ್ಥವನ್ನು ತೆರೆದಿಡುತ್ತದೆ. ಉಷ್ಣತೆ ಮತ್ತು ಒತ್ತಡ ಸ್ಥಿರವಾಗಿರುವಾಗ, ಗುಮ್ಮಟದ ಹೊರಗೆ ಎರಡು ಘಟಕಗಳ ಪ್ರಮಾಣವನ್ನು ನಾವು ಸ್ವೇಚ್ಛೆಯಿಂದ ಆರಿಸಬಹುದು. ಒಳಗಾದರೋ ಒಂದು ಸ್ತರದಲ್ಲಿ ಒಂದೇ ಒಂದು ಘಟಕದ ಪ್ರಮಾಣವನ್ನು ಗೊತ್ತುಮಾಡಿದೊಡನೆ, ಎರಡೂ ಸ್ತರಗಳ ಸಂಯೋಜನೆಯನ್ನು ಪ್ರಕೃತಿಯೇ ನಿರ್ಣಯಿಸಿಬಿಡುತ್ತದೆ.

ಮಧ್ಯಸ್ಥನು ಇಬ್ಬರಿಗೂ ಸಮ್ಮತನೆಂದ ಮಾತ್ರಕ್ಕೆ ಇಬ್ಬರಲ್ಲಿಯೂ ಸಮನಾಗಿ ನೆಲಸುವನೆಂದು ತಿಳಿಯಬಾರದು. 18 ಡಿಗ್ರಿಯಲ್ಲಿ ಕ್ಲೋರೋಫಾರಂ ಸ್ತರದಲ್ಲಿ ಶೇ 7ರಷ್ಟು ಆಮ್ಲವಿರುವಾಗ, ಅದರೊಡನೆ ಸಮತೋಲದಲ್ಲಿರುವ ನೀರಿನ ಸ್ತರದಲ್ಲಿ ಶೇ 25ರಷ್ಟು ಇರುತ್ತದೆ. ಹೀಗೆ ಪರಸ್ಪರ ಸಮತೋಲದಲ್ಲಿರುವ ಸ್ತರಗಳನ್ನು ಕೂಡಿಸುವ ಬಂಧರೇಖೆಗಳು ತ್ರಿಭುಜದಲ್ಲಿ ಓರೆಯಾಗಿ ಸಾಗುತ್ತವೆ. ಆಮ್ಲ ಹೆಚ್ಚಿದಂತೆಲ್ಲ ಅವು ಗಿಡ್ಡವಾಗುತ್ತ, ಕೊನೆಗೆ ಎರಡು ಸ್ತರಗಳ ಭೇದವೇ ಅಳಿದು ಒಂದಾಗುವ ಒಂದು ಸಂಗಮಬಿಂದುವಿನಲ್ಲಿ ಲೀನವಾಗುತ್ತವೆ.

ಈ ಗಡಿಯು ಉಷ್ಣತೆಯೊಡನೆ ಸರಿಯುವುದುಂಟು. ಫೀನಾಲು ಮತ್ತು ನೀರು ಸುಮಾರು 66 ಡಿಗ್ರಿಯ ಮೇಲೆ ಎಲ್ಲ ಪ್ರಮಾಣಗಳಲ್ಲಿಯೂ ಬೆರೆಯುವುವು. ಟ್ರೈಎಥಿಲಮೀನ್ ಮತ್ತು ನೀರಿನ ನಡತೆ ಇದಕ್ಕೆ ವಿಪರೀತವಾಗಿದ್ದು, ಅವು ಸುಮಾರು 18 ಡಿಗ್ರಿಯ ಕೆಳಗೆ ಬೆರೆತು, ಮೇಲೆ ಬೇರ್ಪಡುವುವು. ಮಂಗಳೂರಿನ ಸೆಕೆಯಲ್ಲಿ ಇವೆರಡನ್ನೂ ಸಮಸಮವಾಗಿ ಒಂದು ಸೀಸೆಯಲ್ಲಿ ಮುಚ್ಚಿಟ್ಟರೆ ಎರಡು ಸ್ತರಗಳೇ ಕಾಣುವುವು. ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು ಕುಲುಕಿದರೆ ಅವೇ ಒಂದಾಗುವುವು.

ಇದರ ಪ್ರಯೋಜನವೇನೆಂದು ಕೇಳುವವರಿಗೆ ಮಂಗಳೂರಿನ ಪೆಟ್ರೋರಸಾಯನ ಉದ್ಯಮವೇ ಉತ್ತರ ಹೇಳುತ್ತದೆ. ಇಲ್ಲಿನ ಆರೊಮ್ಯಾಟಿಕ್ ಸಂಕೀರ್ಣದಿಂದ ಹೊರಬೀಳುವ ಪದಾರ್ಥಗಳಲ್ಲಿ ಬೆಂಜೀನ್ ಒಂದು. ಬೆಂಜೀನ್ ಕುದಿಯುವುದು 80.1 ಡಿಗ್ರಿಯಲ್ಲಿ, ತೈಲದಲ್ಲಿರುವ ಸೈಕ್ಲೋಹೆಕ್ಸೇನ್ ಕುದಿಯುವುದು 80.7 ಡಿಗ್ರಿಯಲ್ಲಿ. ಇಷ್ಟು ಸಮೀಪವರ್ತಿಗಳನ್ನು ಬರಿಯ ಬಟ್ಟಿ ಇಳಿಸುವಿಕೆಯಿಂದ ಬೇರ್ಪಡಿಸುವುದು ವ್ಯರ್ಥಪ್ರಯಾಸ. ಇಂತಹ ಕಾರ್ಯಕ್ಕೆ ಲೋಕದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾರ್ಗಗಳಲ್ಲೊಂದೆಂದರೆ, ಸಲ್ಫೋಲೇನ್ ಎಂಬ ದ್ರಾವಕವನ್ನು ತೈಲದೊಡನೆ ಸೇರಿಸಿ ಎರಡು ಸ್ತರಗಳನ್ನುಂಟುಮಾಡುವುದು. ಬೆಂಜೀನ್ ದ್ರಾವಕದ ಸ್ತರಕ್ಕೆ ಸರಿಯುತ್ತದೆ, ಮಿಕ್ಕ ತೈಲ ಬಹುಮಟ್ಟಿಗೆ ಹಿಂದುಳಿಯುತ್ತದೆ. ಸಲ್ಫೋಲೇನ್ ಕುದಿಯುವುದು 285 ಡಿಗ್ರಿಯಲ್ಲಾದುದರಿಂದ, ಅದರೊಳಗಿನ ಬೆಂಜೀನನ್ನು ಬಳಿಕ ಆವಿಯಾಗಿಸಿ ಪಡೆಯುವುದು ಸುಲಭ. ಆದರೆ ಮಿಶ್ರಣದಲ್ಲಿ ಬೆಂಜೀನಿನ ಪ್ರಮಾಣ ಮಿತಿಮೀರಿ ಗುಮ್ಮಟದ ಹೊರಗೆ ಹೋಯಿತೆಂದರೆ ಸ್ತರಗಳೇ ಅಳಿದು, ಬೇರ್ಪಡಿಸುವ ಕಾರ್ಯ ನಿಂತುಹೋಗುತ್ತದೆ. ಎಷ್ಟು ದ್ರಾವಕ, ಎಷ್ಟು ಉಷ್ಣತೆ, ಎಷ್ಟು ಹಂತಗಳು ಬೇಕೆಂಬ ಲೆಕ್ಕಕ್ಕೆಲ್ಲ ಆಧಾರವು ಆ ತ್ರಿಭುಜವೇ.

ತ್ರಿಭುಜದ ಈ ಪ್ರಯೋಗವನ್ನು ಕೇವಲ ಅಂಕಗಳಿಗಾಗಿ ಮಾಡಿ ಮುಗಿಸುವುದು ನಮ್ಮ ಕಾಲೇಜುಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಫ್ಲಾಸ್ಕಿನ ಮಬ್ಬಿಗೂ ಹೆದ್ದಾರಿಯಿಂದ ಕಾಣುವ ಆ ಎತ್ತರದ ಗೋಪುರಗಳಿಗೂ ಇರುವ ನಂಟನ್ನು ಅಧ್ಯಾಪಕರು ಕನ್ನಡದಲ್ಲಿ ವಿವರಿಸಿ ಹೇಳಲಿ. ವಿದ್ಯಾರ್ಥಿಗಳು ತಮ್ಮ ಗ್ರಾಫ್ ಹಾಳೆಯ ವಕ್ರರೇಖೆಯನ್ನು ಶ್ರದ್ಧೆಯಿಂದ ಎಳೆಯಲಿ. ಅವರಲ್ಲಿ ಕೆಲವರು ನಾಳೆ ಆ ಗೋಪುರಗಳನ್ನು ನಡೆಸಬೇಕಾದವರು.