ನೆರೆ ಇಳಿದ ಮೇಲೆ ಕಟ್ಟುವ ಊರಿನಲ್ಲಿ ಗಾಲಿಕುರ್ಚಿಗೂ ದಾರಿ ಇರಲಿ



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಬಂತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ದೊಡ್ಡ ಅನಾಹುತ ತಪ್ಪಿತು. ಆದರೆ ನಮ್ಮ ಕಡೆಯವರಿಗೆ 2009 ಮರೆಯುವಂಥದ್ದಲ್ಲ. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆಗೆ ಮಂತ್ರಾಲಯದ ಮಠದೊಳಕ್ಕೇ ಹೊಳೆ ನುಗ್ಗಿತ್ತು. ಅಕ್ಟೋಬರ್ 2ರಂದು ಹಂದ್ರಿ ಮತ್ತು ತುಂಗಭದ್ರೆ ಕೂಡುವ ಕರ್ನೂಲು ನಗರ ನೀರಿನಲ್ಲಿ ನಿಂತಿತ್ತು. ಗಡಿಯಾಚೆಯ ರಾಯಚೂರು, ಬಳ್ಳಾರಿ ಸೀಮೆಯದೂ ಅದೇ ಪಾಡು. ಕರ್ನಾಟಕದಲ್ಲಿ 'ಆಸರೆ' ಹೆಸರಿನ ಬಡಾವಣೆಗಳು ಎದ್ದದ್ದು ಆ ನೆರೆಯ ನಂತರವೇ.

ನೆರೆ ಬಂದಾಗ ಅಂಗವಿಕಲರನ್ನು ಹೊತ್ತು ತರುವವರು ನಮ್ಮಲ್ಲಿ ಸಿಗುತ್ತಾರೆ. ಮಗನೋ ಅಳಿಯನೋ ಪಕ್ಕದ ಮನೆಯ ಹುಡುಗರೋ ಹೆಗಲು ಕೊಡುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ, ಹೊಸ ಊರು ಕಟ್ಟುವಾಗ. ಅಲ್ಲಿ ತಪ್ಪಿದರೆ ಆ ಮನುಷ್ಯ ಮುಂದಿನ ಮೂವತ್ತು ವರ್ಷ ದಿನಾ ಹೊರಿಸಿಕೊಳ್ಳಬೇಕಾಗುತ್ತದೆ. ಈ ಬರಹ ಅದರ ಬಗ್ಗೆಯೇ.

ನೆರೆಗೆ ಹೆದರಿದ ಊರು ಮೊದಲು ಮಾಡುವುದು ಮನೆಯ ಅಡಿಪಾಯ ಎತ್ತರಿಸುವುದು. ಅದು ಸರಿಯೇ. ಆದರೆ ಎರಡು ಅಡಿ ಎತ್ತರಿಸಿದರೆ ಮುಂದೆ ಮೂರು ನಾಲ್ಕು ಮೆಟ್ಟಿಲು ಬರುತ್ತವೆ. ನೀರನ್ನು ತಡೆಯಲು ಕಟ್ಟಿದ್ದು ಗಾಲಿಕುರ್ಚಿಯನ್ನೂ ತಡೆಯುತ್ತದೆ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಹಾಕೋಣವೆಂದರೆ ಅದಕ್ಕೊಂದು ಲೆಕ್ಕವಿದೆ: ಒಂದು ಅಡಿ ಏರಿಗೆ 12 ಅಡಿ ಉದ್ದ ಬೇಕು. ಎರಡು ಅಡಿಗೆ 24 ಅಡಿ, ಮೂರು ಅಡಿಗೆ 36 ಅಡಿ. ಆಂಧ್ರದ ಈಚಿನ ಸರ್ಕಾರಿ ಲೇಔಟುಗಳಲ್ಲಿ ಹಳ್ಳಿಯವರಿಗೆ ಕೊಟ್ಟದ್ದು ಒಂದೂವರೆ ಸೆಂಟು, ಸುಮಾರು 650 ಚದರ ಅಡಿ. 20 ಅಡಿ ಅಗಲದ ಅಂಥ ಜಾಗದಲ್ಲಿ ಮನೆಯ ಮುಂಭಾಗಕ್ಕಿಂತ ರ‍್ಯಾಂಪೇ ಉದ್ದವಾಯಿತು! ಆಗ ಮೇಸ್ತ್ರಿ ಏನು ಮಾಡುತ್ತಾನೆ? ಆರು ಅಡಿಯಲ್ಲಿ ಮುಗಿಸಿ, ಮೇಲೆ ನುಣ್ಣಗೆ ಸಿಮೆಂಟು ಬಳಿಯುತ್ತಾನೆ. ಅದು ಬೈಕು ಹತ್ತಿಸಲು ಚೆನ್ನ. ಕೈಯಲ್ಲಿ ಗಾಲಿ ತಳ್ಳಿಕೊಂಡು ಹತ್ತುವವರಿಗೆ ಅದು ಗೋಡೆ, ಊರುಗೋಲಿನವರಿಗೆ ಜಾರುಬಂಡೆ. ಬೇತಂಚೆರ್ಲ ಕಡೆಯ ಪಾಲಿಷ್ ಬಂಡೆ ಹಾಸಿದರಂತೂ ಮಳೆಗಾಲದಲ್ಲಿ ಗಟ್ಟಿ ಕಾಲಿನವರೂ ಹುಷಾರಾಗಿ ಇಳಿಯಬೇಕು.

ಇದಕ್ಕೆ ಪರಿಹಾರವಿದೆ, ಆದರೆ ಒಂಟಿ ಮನೆಯ ಮಟ್ಟದಲ್ಲಿ ಸಿಗುವುದು ಕಷ್ಟ. ಲೇಔಟಿನ ನಕ್ಷೆ ಬರೆಯುವ ದಿನವೇ ಅದನ್ನು ಯೋಚಿಸಬೇಕು. ಮನೆಯನ್ನಷ್ಟೇ ಎತ್ತರಿಸದೆ ಗರಸು ತುಂಬಿ ಬೀದಿಯನ್ನೂ ಎತ್ತರಿಸಿದರೆ ಹೊಸ್ತಿಲಿಗೂ ರಸ್ತೆಗೂ ಅಂತರ ಅರ್ಧ ಅಡಿಗೆ ಇಳಿಯುತ್ತದೆ, ಆರು ಅಡಿಯ ರ‍್ಯಾಂಪ್ ಆಗ ನಿಜಕ್ಕೂ ಸಾಕಾಗುತ್ತದೆ. ಅಷ್ಟು ಖರ್ಚು ಬೇಡವೆಂದರೆ, ಒಂದು ಸಾಲಿನ ನಾಲ್ಕಾರು ಮನೆಗಳಿಗೆ ಒಂದೇ ಉದ್ದನೆಯ ಜಗಲಿ ಕಟ್ಟಿ ಅದರ ಒಂದು ತುದಿಗೆ ಒಂದೇ ರ‍್ಯಾಂಪ್ ಕೊಡಬಹುದು. ಜಗಲಿ ನಮಗೆ ಹೊಸದಲ್ಲ, ಹಳೆ ಮನೆಗಳಲ್ಲಿ ಇದ್ದದ್ದೇ. ಇವೆರಡೂ ಆಗದಿದ್ದರೆ ಲೇಔಟಿನಲ್ಲಿ ಸಹಜವಾಗಿ ಎತ್ತರವಿರುವ, ಡಾಂಬರು ರಸ್ತೆಗೆ ಹತ್ತಿರದ ನಿವೇಶನಗಳನ್ನು ಅಂಗವಿಕಲರಿರುವ ಕುಟುಂಬಗಳಿಗೆ ಮೊದಲು ಕೊಡಬೇಕು. ನಮ್ಮದು ಎರೆಭೂಮಿ. ಒಳಬೀದಿಯ ಮಣ್ಣು ಒಂದು ಮಳೆಗೆ ಎಂಥ ಕೆಸರಾಗುತ್ತದೆಂದು ಆದೋನಿ, ಆಲೂರು ಕಡೆಯವರಿಗೆ ಹೇಳಬೇಕಿಲ್ಲ. ಚೀಟಿ ಎತ್ತಿ ನಿವೇಶನ ಹಂಚುವುದು ನ್ಯಾಯವೆಂದು ಕಾಣುತ್ತದೆ, ಆದರೆ ಗಾಲಿಕುರ್ಚಿಯವರಿಗೆ ಕೊನೆಯ ಬೀದಿ ಬಂದರೆ ಅದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಬಾಗಿಲು ಮೂರು ಅಡಿ ಅಗಲವಿರಲಿ. ಶೌಚಾಲಯ ಹಿತ್ತಲಿನ ಮೂಲೆಯಲ್ಲಿ ಮೆಟ್ಟಿಲ ಮೇಲೆ ಬೇಡ, ಮನೆಗೆ ಅಂಟಿಕೊಂಡಿರಲಿ, ಕುರ್ಚಿ ತಿರುಗಲು ಐದಡಿ ಜಾಗವಿರಲಿ. ಬೀದಿ ನಲ್ಲಿಯ ಕಟ್ಟೆಯ ಸುತ್ತಲೂ ಇದೇ ಮಾತು.

ಕಣ್ಣು ಕಾಣದವರ ಕಷ್ಟ ಇನ್ನೊಂದು ಬಗೆಯದು. ಹಳೆ ಊರಿನಲ್ಲಿ ಹೆಜ್ಜೆ ಎಣಿಸದೆ ಅಂಗಡಿಗೆ ಹೋಗಿಬರುತ್ತಿದ್ದವರು ಹೊಸ ಲೇಔಟಿಗೆ ಬಂದೊಡನೆ ದಾರಿ ಕೇಳುವವರಾಗುತ್ತಾರೆ. ಬೇವಿನ ಮರದ ಸದ್ದಿಲ್ಲ, ಗಿರಣಿಯ ವಾಸನೆಯಿಲ್ಲ, ಎಲ್ಲ ಮನೆಯೂ ಒಂದೇ ಅಳತೆ. ಹಳೆಯ ನೆರೆಹೊರೆಯನ್ನು ಒಂದೇ ಬೀದಿಯಲ್ಲಿ ಉಳಿಸಿದರೆ ಕನಿಷ್ಠ ಕರೆದರೆ ಓಗೊಡುವ ದನಿಗಳಾದರೂ ಪರಿಚಿತವಾಗಿರುತ್ತವೆ. ಕಿವಿ ಕೇಳದವರಿಗೆ ಡಂಗುರ, ಮೈಕು ಎರಡೂ ಇದ್ದೂ ಇಲ್ಲದಂತೆ. ಅವರ ಮನೆ ಬಾಗಿಲಿಗೆ ಹೋಗಿ ಕೈಸನ್ನೆಯಲ್ಲಿ ಹೇಳುವವರು ಯಾರೆಂದು ನೆರೆಗೆ ಮುಂಚೆಯೇ ಗೊತ್ತಾಗಿರಬೇಕು. 2011ರ ಜಪಾನ್ ಸುನಾಮಿಯಲ್ಲಿ ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಅಷ್ಟು ಮುಂದುವರಿದ ದೇಶದಲ್ಲೇ ಹೀಗಾಯಿತು.

ಇನ್ನು ಕಾನೂನು. ವಿಪತ್ತಿನಲ್ಲಿ ಅಂಗವಿಕಲರನ್ನು ರಕ್ಷಿಸುವುದಾಗಿ ಹೇಳುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿದ್ದು 2007ರ ಅಕ್ಟೋಬರ್ 1ರಂದು. ಸರಿಯಾಗಿ ಎರಡು ವರ್ಷಕ್ಕೆ ನಮ್ಮಲ್ಲಿ ನೆರೆ ಬಂದಾಗ ದೇಶದ ಕಾನೂನು ಇನ್ನೂ 1995ರದೇ ಆಗಿತ್ತು, ಅದರಲ್ಲಿ ವಿಪತ್ತಿನ ಮಾತೇ ಇರಲಿಲ್ಲ. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ 8ನೇ ಕಲಮನ್ನು ನಮ್ಮ ಸದಸ್ಯರು ನೆನಪಿಟ್ಟುಕೊಳ್ಳಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ತನ್ನ ಜಿಲ್ಲೆಯ ಅಂಗವಿಕಲರ ವಿವರ ಇಟ್ಟಿರಬೇಕು, ಅಪಾಯದ ಸುದ್ದಿಯನ್ನು ಅವರಿಗೆ ಮುಟ್ಟಿಸಬೇಕು. ವಿಪತ್ತಿನ ನಂತರ ಊರು ಕಟ್ಟುವವರು ರಾಜ್ಯದ ಅಂಗವಿಕಲರ ಆಯುಕ್ತರನ್ನು ಕೇಳಿ, ಅಂಗವಿಕಲರು ಓಡಾಡಲು ಆಗುವಂತೆಯೇ ಕಟ್ಟಬೇಕು. 37ನೇ ಕಲಮಿನಂತೆ ವಸತಿ ಮತ್ತು ಭೂಮಿ ಹಂಚಿಕೆಯ ಯೋಜನೆಗಳಲ್ಲಿ, 40 ಶೇಕಡಾ ಅಥವಾ ಹೆಚ್ಚು ವೈಕಲ್ಯವಿರುವವರಿಗೆ 5 ಶೇಕಡಾ ಮೀಸಲು ಇದೆ, ಹೆಣ್ಣುಮಕ್ಕಳಿಗೆ ಆದ್ಯತೆ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಹೊಳೆ ಏರಿದಾಗ ಸಿರುಗುಪ್ಪದ ಅಕ್ಕನ ಮನೆಗೋ ರಾಯಚೂರಿನ ಮಾವನ ಮನೆಗೋ ಹೋಗುತ್ತೇವೆ. ಹಾನಿಯ ಸರ್ವೆಗೆ ಬಂದವರು ಬೀಗ ಕಂಡು ಮುಂದಕ್ಕೆ ಹೋಗುತ್ತಾರೆ. ಆದ್ದರಿಂದ ಮನೆಯ ಒಬ್ಬರಾದರೂ ಸರ್ವೆಯ ದಿನ ಊರಲ್ಲಿರಬೇಕು. ಯುಡಿಐಡಿ ಕಾರ್ಡು ದೇಶವಿಡೀ ನಡೆಯುತ್ತದೆ, ಪಿಂಚಣಿ ಮಾತ್ರ ಆಯಾ ರಾಜ್ಯದ್ದು. ಕಾರ್ಡಿನ ಮತ್ತು ವೈದ್ಯಕೀಯ ಪ್ರಮಾಣಪತ್ರದ ಜೆರಾಕ್ಸ್ ಒಂದನ್ನು ಆಚೆ ದಡದ ನೆಂಟರ ಮನೆಯಲ್ಲಿಡಿ. ಊರುಗೋಲು, ಶ್ರವಣಯಂತ್ರ ತೇಲಿಹೋದರೆ ಅದನ್ನೂ ಹಾನಿಯ ಪಟ್ಟಿಯಲ್ಲಿ ಬರೆಸಿ. ಕರ್ನಾಟಕದ ಕಚೇರಿಯಲ್ಲಿ 'ವಿಕಲಚೇತನ' ಎನ್ನುವುದನ್ನು ಇಲ್ಲಿ 'ದಿವ್ಯಾಂಗುಲು' ಅಥವಾ 'ವಿಕಲಾಂಗುಲು' ಎನ್ನುತ್ತಾರೆ. ಹಿರಿಯರು ಫಲಕ ನೋಡಿ ಗಲಿಬಿಲಿಗೊಳ್ಳುವುದುಂಟು.

ಗ್ರಾಮಸಭೆಯ ನಡಾವಳಿ ತೆಲುಗಿನಲ್ಲಿರುವುದರಿಂದ ಕನ್ನಡವಷ್ಟೇ ಓದುವ ನಮ್ಮವರು ಸುಮ್ಮನೆ ಕೂತುಬಿಡುತ್ತಾರೆ. ನಿಮ್ಮ ಊರಿನ ಅಂಗವಿಕಲರ ಹೆಸರು ಪಟ್ಟಿಯಲ್ಲಿದೆಯೇ, ಸೈಕ್ಲೋನ್ ಶೆಲ್ಟರ್ ಇಲ್ಲದ ನಮ್ಮ ಕಡೆ ಆಶ್ರಯಕ್ಕೆ ತೆರೆಯುವ ಶಾಲೆಗೆ ರ‍್ಯಾಂಪ್ ಇದೆಯೇ ಎಂದು ಗ್ರಾಮ ಸಚಿವಾಲಯದಲ್ಲಿ ಕೇಳಲು ಒಂದು ಅರ್ಜಿ ಸಾಕು. ಅದರ ನಮೂನೆಯನ್ನು ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತೆಲುಗಿನಲ್ಲಿ ಸಿದ್ಧ ಮಾಡುತ್ತಿದ್ದೇವೆ. ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಬೀದಿಯ ಅಂಗವಿಕಲರ ಹೆಸರುಗಳನ್ನು, ಅವರ ಒಪ್ಪಿಗೆ ಕೇಳಿ, ಬರೆದುಕೊಂಡು ಬನ್ನಿ. ಆಗುವುದಾದರೆ ಅವರನ್ನೇ ಕರೆತನ್ನಿ. ಸಭೆ ಈ ಸಲ ನೆಲಮಹಡಿಯಲ್ಲೇ ಇರುತ್ತದೆ.